ಸಾಬೂನು ನೀರೂ ರಸಾಯನ ಕ್ರಿಯೆಯ ವೇಗವೂ

ಸಾಬೂನು ಕೊಳೆಯನ್ನು ಕಳೆಯುವುದೆಂಬುದನ್ನು ನಾವೆಲ್ಲರೂ ಬಾಲ್ಯದಿಂದಲೇ ಬಲ್ಲೆವು. ಆದರೆ ಸಾಬೂನಿನ ಜಾತಿಯ ಪದಾರ್ಥಗಳು ನೀರಿನಲ್ಲಿ ನಡೆಯುವ ರಸಾಯನ ಕ್ರಿಯೆಗಳನ್ನು ತ್ವರೆಗೊಳಿಸಲೂ ತಡೆಯಲೂ ಶಕ್ತವಾಗಿವೆ ಎಂಬ ಸಂಗತಿಯು ಅಷ್ಟು ಪರಿಚಿತವಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಇದು ರುಚಿಸೀತೆಂದು ನಂಬಿ ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

ಸಾಬೂನಿನ ಅಣುವಿಗೆ ಒಂದು ತಲೆಯೂ ಒಂದು ನೀಳವಾದ ಬಾಲವೂ ಉಂಟು. ತಲೆಗೆ ನೀರು ಪ್ರಿಯ, ಬಾಲಕ್ಕೆ ಎಣ್ಣೆ ಪ್ರಿಯ. ಅಣುಗಳು ವಿರಳವಾಗಿರುವಾಗ ನೀರಿನಲ್ಲಿ ಒಂಟಿಯಾಗಿ ಅಲೆಯುತ್ತವೆ. ಒಂದು ಗೊತ್ತಾದ ಪ್ರಮಾಣವನ್ನು ಮೀರಿದೊಡನೆ ಬಾಲಗಳನ್ನು ಒಳಗಡೆಗೂ ತಲೆಗಳನ್ನು ಹೊರಗಡೆಗೂ ಮಾಡಿಕೊಂಡು ಗುಂಪುಗೂಡುತ್ತವೆ. ಈ ಗುಂಪಿಗೆ ಮೈಸೆಲ್ ಎಂದು ಹೆಸರು. ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಪದಾರ್ಥವು ಶುದ್ಧ ನೀರಿನಲ್ಲಿ, ಲೀಟರಿಗೆ ಸುಮಾರು 2.3 ಗ್ರಾಂ ಆದಾಗ ಹೀಗೆ ಗುಂಪುಗೂಡತೊಡಗುವುದು. ಗುಂಪೊಂದರಲ್ಲಿ ಸುಮಾರು 60 ಅಣುಗಳಿರುವುವು. 1913ರಲ್ಲಿ ಇಂಥ ಗುಂಪುಗಳುಂಟೆಂದು ಸೂಚಿಸಿದ, ಬ್ರಿಸ್ಟಲಿನ ಪ್ರಾಧ್ಯಾಪಕ ಜೇಮ್ಸ್ ವಿಲಿಯಂ ಮೆಕ್‌ಬೇನರೇ ಮುಂದೆ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಗೆ ಪ್ರಥಮ ನಿರ್ದೇಶಕರಾದರು.

ಹಿಂದೆ ಮನೆಗಳಲ್ಲಿ ಗಾಯಕ್ಕೆ ಹಚ್ಚುತ್ತಿದ್ದ ಜೆನ್ಷಿಯನ್ ವಯೊಲೆಟ್ ಔಷಧದ ಮುಖ್ಯ ಬಣ್ಣವು ಕ್ರಿಸ್ಟಲ್ ವಯೊಲೆಟ್. ಅದರ ತೆಳುವಾದ ದ್ರಾವಣಕ್ಕೆ ಕಾಸ್ಟಿಕ್ ಸೋಡವನ್ನು ಸೇರಿಸಿದರೆ ಬಣ್ಣವು ಮೆಲ್ಲಮೆಲ್ಲನೆ ಮಾಸುತ್ತದೆ. ಬಣ್ಣದ ಕಣದಲ್ಲಿ ಧನವಿದ್ಯುತ್ತೂ ಕ್ಷಾರದ ಹೈಡ್ರಾಕ್ಸೈಡ್ ಕಣದಲ್ಲಿ ಋಣವಿದ್ಯುತ್ತೂ ಇವೆ. ಇವೆರಡೂ ಕೂಡಿದಾಗಲೇ ಬಣ್ಣವು ಅಳಿಯುವುದು. ಡಾಯ್ನ್‌ಸ್ಟೇ ಮತ್ತು ಗ್ರುನ್‌ವಾಲ್ಡ್ ಎಂಬ ವಿಜ್ಞಾನಿಗಳು 1959ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಧನವಿದ್ಯುತ್ತಿನ ತಲೆಯುಳ್ಳ ಸಿಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡನ್ನು ಬೆರೆಸಿದಾಗ ಬಣ್ಣವು ಶೀಘ್ರವಾಗಿ ಮಾಸಿತು. ಋಣವಿದ್ಯುತ್ತಿನ ತಲೆಯುಳ್ಳ ಸೋಡಿಯಂ ಡೋಡೆಸಿಲ್ ಸಲ್ಫೇಟನ್ನು ಬೆರೆಸಿದಾಗ ನಿಧಾನವಾಯಿತು.

ಇದಕ್ಕೆ ಕಾರಣವೇನು? ಬಣ್ಣದ ಕಣಕ್ಕೆ ಎಣ್ಣೆಯ ಸ್ವಭಾವದ ಮೂರು ಉಂಗುರಗಳಿರುವುದರಿಂದ ಅದು ಎರಡು ಬಗೆಯ ಮೈಸೆಲ್ಲುಗಳಿಗೂ ಅಂಟಿಕೊಳ್ಳುತ್ತದೆ. ಸಮಾನ ವಿದ್ಯುತ್ತಿನ ವಿಕರ್ಷಣೆಯೂ ಅದನ್ನು ದೂರವಿಡಲಾರದು. ಧನ ಮೈಸೆಲ್ಲು ಹೈಡ್ರಾಕ್ಸೈಡನ್ನು ತನ್ನ ಬಳಿಗೆ ಸೆಳೆಯುತ್ತದೆ. ನೀರಿನಲ್ಲೆಲ್ಲ ಚದರಿದ್ದ ಎರಡು ಕಣಗಳೂ ಒಂದೇ ಅಂಗಳದಲ್ಲಿ ಸಂಧಿಸುತ್ತವೆ. ಋಣ ಮೈಸೆಲ್ಲಾದರೋ ಬಣ್ಣವನ್ನು ಹಿಡಿದಿಟ್ಟುಕೊಂಡು ಹೈಡ್ರಾಕ್ಸೈಡನ್ನು ಹೊರಗೇ ನಿಲ್ಲಿಸುತ್ತದೆ. ಆದಕಾರಣ ಯಾವ ಸಾಬೂನಾದರೇನೆಂಬ ಮಾತು ಇಲ್ಲಿ ಸಲ್ಲದು.

ಹೆಚ್ಚು ಹಾಕಿದಷ್ಟೂ ಹೆಚ್ಚು ಫಲವೆಂದೂ ಭಾವಿಸಬಾರದು. ಮೈಸೆಲ್ಲುಗಳು ಅತಿಯಾದರೆ ಕಣಗಳು ಅವುಗಳಲ್ಲಿ ಹಂಚಿಹೋಗಿ ಒಂದನ್ನೊಂದು ಸಂಧಿಸುವುದು ಅಪರೂಪವಾಗುತ್ತದೆ. ಬ್ರೋಮೈಡ್ ಕಣಗಳೂ ಹೈಡ್ರಾಕ್ಸೈಡಿನ ಸ್ಥಳವನ್ನು ಆಕ್ರಮಿಸುತ್ತವೆ. ಏರಿದ ವೇಗವು ಪುನಃ ಇಳಿಯುತ್ತದೆ.

ಇದು ಬರಿಯ ಕುತೂಹಲದ ವಿಷಯವಲ್ಲ. ಔಷಧಗಳ ತಯಾರಿಕೆಯಲ್ಲಿ ಹೇರಳವಾಗಿ ವ್ಯಯವಾಗುವ ದ್ರಾವಕಗಳಲ್ಲಿ ಬಹಳಷ್ಟು ವಿಷಕರವಾದವು. ಅವು ಸೋರಿದರೆ ಕೆರೆತೊರೆಗಳು ಕೆಡುತ್ತವೆ. ಅಮೆರಿಕದ ಸಾಂಟಾ ಬಾರ್ಬರದಲ್ಲಿ ಬ್ರೂಸ್ ಲಿಪ್‌ಶುಟ್ಜ್ ಮತ್ತು ಅವರ ಸಂಗಡಿಗರು 2011ರಲ್ಲಿ ವಿಟಮಿನ್ ಇ ಮೂಲದ ಒಂದು ಮೈಸೆಲ್ ಪದಾರ್ಥವನ್ನು ಪ್ರಕಟಿಸಿ, ಅಂಥ ಅನೇಕ ಕ್ರಿಯೆಗಳನ್ನು ಕೋಣೆಯ ಉಷ್ಣತೆಯಲ್ಲಿಯೇ, ನೀರಿನಲ್ಲಿಯೇ ನಡೆಯಿಸಿ ತೋರಿಸಿದರು. ರಸಾಯನಶಾಸ್ತ್ರವನ್ನು ಮುಂದುವರಿಸಲು ಬಯಸುವ ಬಾಲಕಿಯರಿಗೆ ಇಲ್ಲಿ ಮಾಡಬೇಕಾದ ಕೆಲಸವು ಇನ್ನೂ ಬಹಳವಿದೆ. ಪಾಲಕರು ಅವರಿಗೆ ಬೆಂಬಲವಾಗಿ ನಿಲ್ಲುವರೆಂದು ಆಶಿಸುತ್ತೇವೆ.