ರಕ್ತದ ಕಲೆ ಜಾತಿಯನ್ನೂ ಹೇಳುತ್ತದೆಯೇ?

ಪ್ರಶ್ನೆ: ಅಪರಾಧಿಯನ್ನು ಗುರುತಿಸುವ ಡಿಎನ್‌ಎ ಪರೀಕ್ಷೆಯಿಂದ ಅವನ ಜಾತಿ, ಜನಾಂಗವೂ ತಿಳಿಯುತ್ತದೆಯೇ?

ಉತ್ತರ: ವ್ಯಕ್ತಿ ಯಾರೆಂದು ತಿಳಿಯುತ್ತದೆ, ಜಾತಿ ತಿಳಿಯುವುದಿಲ್ಲ. ನಮ್ಮ ಡಿಎನ್‌ಎಯ ಕೆಲವು ತಾಣಗಳಲ್ಲಿ ನಾಲ್ಕಕ್ಷರದ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. 11ನೇ ವರ್ಣತಂತುವಿನಲ್ಲಿರುವ ‘ಟಿಎಚ್01’ ತಾಣವನ್ನೇ ನೋಡಿ. ತಾಯಿಯಿಂದ ಬಂದ ಪ್ರತಿಯಲ್ಲಿ ಆ ತುಣುಕು 6 ಸಲ, ತಂದೆಯಿಂದ ಬಂದದ್ದರಲ್ಲಿ 9 ಸಲ ಇರಬಹುದು. ಇದೇ ಜೋಡಿ ಇನ್ನೆಷ್ಟೋ ಜನರಲ್ಲಿ ಇರುತ್ತದೆ. ಹಾಗಾಗಿ ಒಂದೇ ತಾಣ ಸಾಲದು; ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2017ರಿಂದ ಇಂಥ 20 ತಾಣಗಳನ್ನು ಹೋಲಿಸುತ್ತಿದೆ. ಇಪ್ಪತ್ತೂ ಕಡೆ ಹೊಂದುವ ಇನ್ನೊಬ್ಬರು, ತದ್ರೂಪಿ ಅವಳಿಯನ್ನು ಬಿಟ್ಟರೆ, ಸಿಗುವುದು ಅಸಾಧ್ಯವೆನ್ನುವಷ್ಟು ವಿರಳ.

ಎಷ್ಟು ವಿರಳ ಎಂಬ ಲೆಕ್ಕಕ್ಕೆ ಮಾತ್ರ ಸಮುದಾಯಗಳ ಅಧ್ಯಯನ ಬೇಕೇ ಬೇಕು. 6 ಸಲದ ಪ್ರತಿ ಒಂದು ಜನಸಮೂಹದಲ್ಲಿ ಹೇರಳ, ಇನ್ನೊಂದರಲ್ಲಿ ಕಡಿಮೆ. ನಮ್ಮಲ್ಲಂತೂ ತಲೆತಲಾಂತರದಿಂದ ಒಳಗೊಳಗೇ ಸಂಬಂಧ ಬೆಳೆಸಿದ ಗುಂಪುಗಳು ಬಹಳ. ಸೋದರಮಾವನನ್ನು ಮದುವೆಯಾಗುವ ರೂಢಿಯೂ ಉಂಟು. ಯುರೋಪಿನವರ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತಂದರೆ ನಿರಪರಾಧಿಗೆ ಅನ್ಯಾಯವಾದೀತು.

ಇನ್ನು ಜನಾಂಗದ ಮಾತು. ಮಾನವರ ಆನುವಂಶಿಕ ವೈವಿಧ್ಯದ ಸುಮಾರು 85% ಪ್ರತಿ ಸಮುದಾಯದ ಒಳಗೇ ಇದೆ ಎಂದು ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1972ರಲ್ಲೇ ತೋರಿಸಿದರು. ಹಾಗಿದ್ದರೂ ಡಿಎನ್‌ಎಯ ಲಕ್ಷಾಂತರ ಗುರುತುಗಳನ್ನು ಒಟ್ಟಾಗಿ ನೋಡಿದರೆ ಪೂರ್ವಜರು ಯಾವ ಭೂಭಾಗದವರೆಂಬ ಅಂದಾಜು ಸಿಗುತ್ತದೆ. ಪೊಲೀಸರು ನೋಡುವ ಇಪ್ಪತ್ತು ತಾಣಗಳಿಗೆ ಆ ಶಕ್ತಿ ಬಹಳ ಕಡಿಮೆ.