ಕುಂಡದಲ್ಲಿ ಕಳ್ಳಿಗಿಡದ ಪಾಲನೆ

ಮನೆಯ ಜಗಲಿಯ ಮೇಲೆ ಕುಂಡಗಳಲ್ಲಿ ಕಳ್ಳಿಗಿಡಗಳನ್ನು ಬೆಳೆಸುವ ಅಭಿರುಚಿಯು ಗ್ರಾಮಗಳಲ್ಲಿಯೂ ಕಂಡುಬರುತ್ತಲಿದೆ. ಆದರೆ ಹೀಗೆ ತಂದ ಗಿಡಗಳಲ್ಲಿ ಅನೇಕವು ಮೊದಲನೆಯ ಮಳೆಗಾಲ ಕಳೆಯುವುದರೊಳಗಾಗಿ ಬುಡ ಕೊಳೆತು ಬೀಳುವುವು. ಇದಕ್ಕೆ ಬಹುಮಟ್ಟಿಗೆ ನೀರಿನ ಅತಿಶಯವೇ ಕಾರಣ. ತುಳಸಿಗೆ ಎರೆದು ಚೊಂಬಿನಲ್ಲಿ ಉಳಿದುದನ್ನು ದಿನವೂ ಕಳ್ಳಿಗೆ ಸುರಿಯುವ ಮನೆಗಳಲ್ಲಿ ಆ ಗಿಡವು ಉಳಿಯುವುದು ದುರ್ಲಭ.

ಕ್ಯಾಕ್ಟಸ್ ಕುಟುಂಬದ ಈ ಗಿಡಗಳ ತವರು ಅಮೆರಿಕಾ ಖಂಡ. ನಮ್ಮ ಬೇಲಿಗಳ ಚದುರಗಳ್ಳಿ, ಎಲೆಗಳ್ಳಿಗಳು ಬೇರೆ ಕುಟುಂಬಕ್ಕೆ ಸೇರಿದವು. ಅವುಗಳ ಹಾಲು ಕಣ್ಣಿಗೆ ಅಪಾಯಕರವಾದುದು. ಪಾಪಾಸುಕಳ್ಳಿಯಾದರೋ ನಿಜವಾದ ಕ್ಯಾಕ್ಟಸ್ಸೇ ಸರಿ. ಇವುಗಳಲ್ಲಿ ಮುಳ್ಳುಗಳು ಸಣ್ಣ ಮೆತ್ತೆಯಂತಹ ಗುಳಿಗಳಿಂದ ಗೊಂಚಲಾಗಿ ಹೊರಡುವುವು. ಕಾಂಡವೇ ನೀರಿನ ಉಗ್ರಾಣ. ಅದರ ಮೈಯ ಸೂಕ್ಷ್ಮರಂಧ್ರಗಳು ಹಗಲಿನಲ್ಲಿ ಮುಚ್ಚಿದ್ದು ರಾತ್ರಿಯ ತಂಪಿನಲ್ಲಿ ತೆರೆಯುವುದರಿಂದ ನೀರು ಬಹು ನಿಧಾನವಾಗಿ ವೆಚ್ಚವಾಗುವುದು. ಸದಾ ಒದ್ದೆಯಾದ ಮಣ್ಣಿನಲ್ಲಿ ಬೇರುಗಳಿಗೆ ಗಾಳಿ ದೊರೆಯದೆ ಕೊಳೆ ಹತ್ತುವುದು.

ಆದುದರಿಂದ ತಳದಲ್ಲಿ ತೂತುಳ್ಳ, ಮೆರುಗಿಲ್ಲದ ಮಣ್ಣಿನ ಕುಂಡವೇ ಉತ್ತಮ. ಅದು ಗಿಡಕ್ಕಿಂತ ಒಂದೆರಡು ಅಂಗುಲ ಮಾತ್ರ ಅಗಲವಾಗಿರತಕ್ಕದ್ದು. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆಯ ಚೂರು ಅರ್ಧ ಪಾಲು ಬೆರೆಸಿ, ಚೆನ್ನಾಗಿ ಕಳಿತ ಎಲೆಗೊಬ್ಬರವನ್ನು ಒಂದು ಹಿಡಿ ಸೇರಿಸಬೇಕು. ಹಸಿ ಸಗಣಿಯು ಕೂಡದು. ಎರೆಮಣ್ಣಂತೂ ಸರ್ವಥಾ ಸಲ್ಲದು. ತೆಳುವಾದ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆದರೆ ಅದು ಒಣಗಿ ಬಂದಲ್ಲಿ ಮಾತ್ರ, ತೂತಿನಿಂದ ಹರಿಯುವಷ್ಟು ನೀರೆರೆದು, ಪುನಃ ಒಣಗುವವರೆಗೆ ಬಿಡಬೇಕು. ಮಳೆಗಾಲದಲ್ಲಿ ಕುಂಡವನ್ನು ಸೂರಿನ ಹನಿ ಬೀಳದ, ಆದರೆ ಬೆಳಕುಳ್ಳ ಕಡೆಗೆ ಸರಿಸುವುದು ಅವಶ್ಯ. ನೆರಳಿನಲ್ಲಿದ್ದ ಗಿಡವನ್ನು ಬೇಸಗೆಯ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಮೈ ಸುಡುವುದು. ಕ್ರಮೇಣ ಅಭ್ಯಾಸ ಮಾಡಿಸಬೇಕು.

ಬುಡವು ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದರೆ, ಕೊಯ್ದ ಮುಖದಲ್ಲಿ ಕಂದು ಉಂಗುರ ಕಾಣದಾಗುವವರೆಗೆ ಚೊಕ್ಕ ಚೂರಿಯಿಂದ ಮೇಲಕ್ಕೆ ಕೊಯ್ಯುತ್ತ ಹೋಗಿ, ಉಳಿದ ತುದಿಯನ್ನು ನೆರಳಿನಲ್ಲಿ ಒಂದೆರಡು ವಾರ ಒಣಗಿಸಿ ಹೊಸ ಮರಳುಮಣ್ಣಿನಲ್ಲಿ ನೆಡಬಹುದು.

ಮೈಮೇಲೆ ಹತ್ತಿಯಂತೆ ಬಿಳುಪು ಕಂಡರೆ ಸಾಬೂನಿನ ನೀರಿನಿಂದ ಒರೆಸತಕ್ಕದ್ದು. ಪಾಪಾಸುಕಳ್ಳಿಯ ಮೇಲಿನ ಆ ಬಿಳುಪನ್ನು ಒತ್ತಿದಾಗ ಕೆಂಪು ರಸ ಬಂದರೆ ಅದು ಕೊಚಿನೀಲ್ ಕೀಟ. ಈ ಕೀಟಗಳ ಒಂದು ಜಾತಿಯನ್ನು ಬಣ್ಣದ ಉದ್ಯಮಕ್ಕಾಗಿ 1795ರಲ್ಲಿ ಬ್ರೆಜಿಲ್‌ನಿಂದ ತರಿಸಲಾಯಿತು. ಬಂದುದು ಒಳ್ಳೆಯ ಬಣ್ಣ ಕೊಡುವ ಜಾತಿಯಾಗಿರಲಿಲ್ಲ; ಆದರೂ ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ಅಡಗಿಸಿತು. ಅದು ಮುಟ್ಟದ ಮತ್ತೊಂದು ಬಗೆಯು ದಕ್ಷಿಣ ಭಾರತದ ಹೊಲಗೋಮಾಳಗಳನ್ನು ಆಕ್ರಮಿಸಿದ್ದಿತು. ಅದನ್ನು ತಗ್ಗಿಸಲು 1926ರಲ್ಲಿ ಸಿಂಹಳದಿಂದ ಬೇರೊಂದು ಜಾತಿಯ ಕೀಟವನ್ನೇ ತರಿಸಬೇಕಾಯಿತು.

ಗ್ರಾಮದ ಯಜಮಾನರು ಗಮನಿಸತಕ್ಕ ವಿಷಯವು ಇಲ್ಲಿದೆ. ಕುಂಡದಿಂದ ಕತ್ತರಿಸಿದ ಪಾಪಾಸುಕಳ್ಳಿಯ ಒಂದು ತುಂಡು ನೆಲಕ್ಕೆ ತಾಗಿದರೂ ಬೇರುಬಿಡುವುದು. ಅದನ್ನು ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಹೊಲ ಸೇರುವುದು. ಹಳ್ಳಕ್ಕೆ ಎಸೆದರೆ ನೀರಿನೊಡನೆ ಕೆಳಗಿನವರ ಜಮೀನಿಗೆ ಹೋಗುವುದು. ಇಂತಹ ತುಂಡುಗಳನ್ನು ಕಲ್ಲುಚಪ್ಪಡಿಯ ಮೇಲೆ ಪೂರ್ಣವಾಗಿ ಒಣಗಿಸಿ ಸುಡತಕ್ಕದ್ದು.