ಕಾಗದದ ಮೇಲಿನ ಕಾವಲು

ನಗರದಲ್ಲಿ ಹತ್ತು ಅಂತಸ್ತಿನ ಕಟ್ಟಡವೊಂದು ಮೇಲೇಳುತ್ತಿದ್ದರೆ ಅದರ ಫಲಕದ ಮೇಲೆ ಎದ್ದು ಕಾಣುವುದು ಒಂದೇ ಸಂಸ್ಥೆಯ ಹೆಸರು. ಆದರೆ ಅಲ್ಲಿ ದುಡಿಯುವ ಕೈಗಳೆಲ್ಲ ಒಬ್ಬ ಯಜಮಾನನವಲ್ಲ. ಪಾಯ ತೋಡುವವರು, ಸಾರುವೆ ಕಟ್ಟುವವರು, ಕಬ್ಬಿಣ ಬಗ್ಗಿಸುವವರು, ವಿದ್ಯುತ್ತಿನ ತಂತಿ ಎಳೆಯುವವರು, ಬಣ್ಣ ಬಳಿಯುವವರು — ಒಂದೊಂದು ತಂಡಕ್ಕೂ ಒಬ್ಬೊಬ್ಬ ಉಪಗುತ್ತಿಗೆದಾರ. ಮುಖ್ಯ ಗುತ್ತಿಗೆದಾರನ ಆವರಣದೊಳಗೆ ಕಾಲಿಡುವ ಮುನ್ನ ಇವರಲ್ಲಿ ಪ್ರತಿಯೊಬ್ಬನೂ ಒಪ್ಪಿಸಬೇಕಾದುದೊಂದಿದೆ: ಸುರಕ್ಷತೆಯ ಕಡತ.

ಕೆಲಸವನ್ನು ಯಾವ ಕ್ರಮದಲ್ಲಿ ಮಾಡಲಾಗುವುದು, ಪ್ರತಿ ಹಂತದಲ್ಲಿ ಒದಗಬಹುದಾದ ಅಪಾಯವೇನು, ಅದನ್ನು ತಡೆಯುವ ಬಗೆ ಹೇಗೆ ಎಂಬ ವಿವರವೇ ಈ ಕಡತದ ಜೀವ. ಕ್ರೇನು, ಹಗ್ಗ, ಬೆಲ್ಟುಗಳ ತಪಾಸಣೆಯ ಪತ್ರಗಳು, ಕಾರ್ಮಿಕರ ತರಬೇತಿ ಮತ್ತು ವೈದ್ಯಕೀಯ ಪರೀಕ್ಷೆಯ ದಾಖಲೆಗಳು, ವಿಮೆ, ಅವಘಡವಾದರೆ ಯಾರು ಏನು ಮಾಡಬೇಕೆಂಬ ಯೋಜನೆ — ಇವೆಲ್ಲ ಅದರ ಅಂಗಗಳು.

ಇಷ್ಟನ್ನೂ ಒಂದೇ ರಾತ್ರಿಯಲ್ಲಿ ಸಿದ್ಧಪಡಿಸುವ ಸುಲಭೋಪಾಯವೊಂದುಂಟು. ಹಿಂದಿನ ಕೆಲಸದ ಕಡತದಲ್ಲಿ ಸ್ಥಳದ ಹೆಸರನ್ನೂ ತಾರೀಖನ್ನೂ ತಿದ್ದಿದರೆ ಮುಗಿಯಿತು! ಆದರೆ ಆ ಸ್ಥಳದಲ್ಲಿದ್ದುದು ಗಟ್ಟಿ ನೆಲ, ಇಲ್ಲಿರುವುದು ಸಡಿಲ ಮಣ್ಣು. ಅಲ್ಲಿ ಇಲ್ಲದ ವಿದ್ಯುತ್ ತಂತಿ ಇಲ್ಲಿ ತಲೆಯ ಮೇಲೆಯೇ ಹಾದುಹೋಗಿದೆ. ನಕಲು ಮಾಡಿದ ಕಡತ ಇದಾವುದನ್ನೂ ಕಾಣಲಾರದು.

ಒಂದು ರಾತ್ರಿಯ ಅವಸರ

ಒಂದು ಹಂತವನ್ನು ಅವಸರದಿಂದ ದಾಟಿದರೆ ತೆರಬೇಕಾದ ಬೆಲೆ ಎಂಥದೆಂಬುದನ್ನು ಅಮೆರಿಕದ ಒಂದು ದುರಂತ ಜಗತ್ತಿಗೆ ತೋರಿಸಿತು. ಪಶ್ಚಿಮ ವರ್ಜೀನಿಯಾದ ವಿಲೋ ಐಲೆಂಡ್ ಎಂಬಲ್ಲಿ ವಿದ್ಯುತ್ ಸ್ಥಾವರಕ್ಕಾಗಿ ಶೀತಲ ಗೋಪುರವೊಂದು ಏಳುತ್ತಿತ್ತು. ಅದರ ಸಾರುವೆ ನೆಲದ ಮೇಲೆ ನಿಂತುದಲ್ಲ. ಗೋಡೆಯನ್ನೇ ಕಚ್ಚಿಕೊಂಡು ಅದರೊಡನೆ ಮೇಲೇರುವಂಥದು. 1978ರ ಏಪ್ರಿಲ್ 27ರಂದು, ಹಿಂದಿನ ದಿನ ಹಾಕಿದ ಕಾಂಕ್ರೀಟು ಸಾಕಷ್ಟು ಗಟ್ಟಿಯಾಗುವ ಮೊದಲೇ ಕೆಲಸದ ಭಾರ ಅದರ ಮೇಲೆ ಬಿದ್ದಿತು. ಗೋಪುರದ ಮೇಲಂಚು ಕಳಚಿಕೊಂಡು ಸಾರುವೆಯೊಡನೆ ಉರುಳಿತು. 51 ಮಂದಿ ಪ್ರಾಣ ಕಳೆದುಕೊಂಡರು.

‘ಕಾಂಕ್ರೀಟಿನ ಬಲ ಪರೀಕ್ಷಿಸಿ, ಜವಾಬ್ದಾರನು ಸಹಿ ಹಾಕುವವರೆಗೆ ಮುಂದಿನ ಭಾರ ಹೊರಿಸಕೂಡದು’ — ಒಳ್ಳೆಯ ಕಡತದಲ್ಲಿ ಇಂಥದೊಂದು ಸಾಲು ಇದ್ದೇ ಇರುತ್ತದೆ. ಎಲ್ಲಿ ಕೆಲಸ ನಿಲ್ಲಬೇಕು, ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಮೊದಲೇ ಗೊತ್ತುಮಾಡುವುದೇ ಅದರ ಮುಖ್ಯ ಪ್ರಯೋಜನ.

ಅಳತೆಯ ಮಾತು

‘ಎಚ್ಚರಿಕೆ ವಹಿಸಲಾಗುವುದು’ ಎಂಬ ವಾಕ್ಯ ಯಾರನ್ನೂ ಉಳಿಸಲಾರದು. ಅಳತೆ ಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮಗಳಂತೆ, ಕಂದಕದ ಆಳ 1.5 ಮೀಟರ್ ಮುಟ್ಟಿದರೆ ಪಕ್ಕಗಳನ್ನು ಮೆಟ್ಟಿಲಿನಂತೆ ಹಿಂದಕ್ಕೆ ಕಡಿಯಬೇಕು, ಇಲ್ಲವೇ ಹಲಗೆ ಕೊಟ್ಟು ಭದ್ರಪಡಿಸಬೇಕು. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಇವೆರಡರಲ್ಲಿ ಹೆಚ್ಚಿನಷ್ಟು ದೂರದಲ್ಲಿ ಹಾಕಬೇಕು. ಮಣ್ಣು ಕುಸಿದಾಗ ಓಡಿ ಪಾರಾಗುವಷ್ಟು ಸಮಯವೇ ಸಿಗುವುದಿಲ್ಲವಾದ್ದರಿಂದ ಈ ಅಳತೆಗಳಿಗೆ ಅಷ್ಟು ಬೆಲೆ.

ಕಾನೂನೂ ಈ ಕಡೆ ಗಮನ ಕೊಟ್ಟಿದೆ. ಕಟ್ಟಡ ಕಾರ್ಮಿಕರಿಗೆಂದೇ ಸಂಸತ್ತು 1996ರಲ್ಲಿ ಪ್ರತ್ಯೇಕ ಅಧಿನಿಯಮ ಮಾಡಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು 250 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ನಿರ್ಮಾಣಕಾರ್ಯಕ್ಕೆ ಸುರಕ್ಷತಾ ಅಧಿಕಾರಿಯನ್ನು ವಿಧಿಸಿದೆ.

ಆದರೂ ಕೊನೆಯ ಮಾತು ಮೇಸ್ತ್ರಿಯದು. ಬೆಂಗಳೂರಿನ ಕಟ್ಟಡಗಳಲ್ಲಿ ರಾಯಚೂರಿನವನ ಪಕ್ಕದಲ್ಲಿ ಬಿಹಾರದವನೂ ಒಡಿಶಾದವನೂ ದುಡಿಯುತ್ತಾರೆ. ಇಂಗ್ಲಿಷಿನ ಕಡತ ಕಚೇರಿಯ ಬೀರುವಿನಲ್ಲಿ ಭದ್ರವಾಗಿದ್ದು, ಸಾರುವೆಯ ಮೇಲಿರುವವನಿಗೆ ಅದರ ಒಂದು ಮಾತೂ ತಿಳಿಯದಿದ್ದರೆ ಫಲವೇನು? ಬೆಳಿಗ್ಗೆ ಕೆಲಸಕ್ಕೆ ಕೈಹಾಕುವ ಮುನ್ನ ಹತ್ತು ನಿಮಿಷ ಎಲ್ಲರನ್ನೂ ಸೇರಿಸಿ, ಅಂದಿನ ಅಪಾಯವನ್ನು ಅವರವರ ಭಾಷೆಯಲ್ಲಿ ವಿವರಿಸುವ ಮೇಸ್ತ್ರಿಯೇ ಆ ಕಾಗದಕ್ಕೆ ಪ್ರಾಣ ತುಂಬುವವನು. ಸಂಜೆ ಗುಡಿಸಲಿನ ಬಾಗಿಲಲ್ಲಿ ಕಾದು ನಿಂತಿರುವವರಿಗೆ ಆ ಹತ್ತು ನಿಮಿಷ ಸಣ್ಣದಲ್ಲ.